ಬಾಗಿಲ ತನಕ

ಇವತ್ತಾದರೂ ಕರೆಂಟು ಹೋಗಬಾರದೆ ಎಂದು ಜಾರ್ನಿ ಬೆಳಗಿನಿಂದ ಮೂರನೆಯ ಸಲ ಅಡುಗೆಮನೆಯ ಸ್ವಿಚ್ಚು ಒತ್ತಿ ನೋಡಿದ. ಬಲ್ಬು ಉರಿಯಿತು. ಉಣ್ಣಲು ಕೂತಾಗ, ಮೈಗೆ ಸೋಪು ಹಚ್ಚಿಕೊಂಡು ನಿಂತಾಗ, ಸತ್ತವರ ಮನೆಯಲ್ಲಿ ಭಿಕ್ಷುಗಳು ಸೂತ್ರ ಹೇಳುತ್ತಿರುವಾಗ ಹೇಳದೆ ಕೇಳದೆ ಎದ್ದುಹೋಗುವ ರಂಗೂನಿನ ಕರೆಂಟು ಈ ದಿನ ಮಾತ್ರ ಮನೆಯಳಿಯನ ಹಾಗೆ ಕಾಲು ಚಾಚಿಕೊಂಡು ಕೂತುಬಿಟ್ಟಿತ್ತು. ಸ್ವಾತಂತ್ರ್ಯದ ದಿನ. ಬೀದಿಯ ಆ ತುದಿಯಲ್ಲಿ ಧ್ವನಿವರ್ಧಕ ಕಟ್ಟಿ ಗೋಣಿಚೀಲದ ಓಟ, ಕಣ್ಣು ಕಟ್ಟಿಕೊಂಡು ಮಡಕೆ ಒಡೆಯುವ ಆಟ ನಡೆಸುತ್ತಿದ್ದರು. ಪತ್ರಿಕೆಯ ಹಿಂಪುಟದಲ್ಲಿ ಟೀವಿ ಕಾರ್ಯಕ್ರಮಗಳ ಪಟ್ಟಿಯಿತ್ತು. ಮಧ್ಯಾಹ್ನ ಒಂದೂವರೆಗೆ ಅವನ ಚಿತ್ರ, ಪ್ರತಿ ವರ್ಷದ ಹಾಗೆ. ಆ ಪುಟವನ್ನು ಅವನು ಮೀನು ಸುತ್ತಿ ತಂದ ಕಾಗದದೊಳಗೆ ಮಡಚಿ ಕಸದ ಬುಟ್ಟಿಯ ತಳಕ್ಕೆ ತುರುಕಿದ್ದ. ತುರುಕಿದ ಮೇಲೆ ಕೈ ಮೂಸಿ ನೋಡಿಕೊಂಡಿದ್ದ. ನಲವತ್ತೊಂಬತ್ತು ವರ್ಷದ ಮನುಷ್ಯ. ಎರಡು ಸಲ ದೇಶದ ಅತ್ಯುತ್ತಮ ನಟ ಅನ್ನಿಸಿಕೊಂಡವನು, ಮೌಲಮೇನಿನಿಂದ ಮಿಚೀನಾದ ತನಕ ಎಲ್ಲ ಚಹಾದಂಗಡಿಗಳ ಗೋಡೆಗಳ ಮೇಲೂ ಒಂದು ಕಾಲದಲ್ಲಿ ನಕ್ಕವನು.

ಹೊರಗೆ ಬೇಲಿಯ ಬದಿಯಲ್ಲಿ ತಮ್ಮ ನ್ಯಾನ್ ಬೆತ್ತದ ಕುರ್ಚಿಯಲ್ಲಿ ಕೂತಿದ್ದ. ಜೈಲಿನಿಂದ ಬಂದು ಹದಿನೆಂಟು ದಿನವಾಗಿತ್ತು. ಹದಿನಾಲ್ಕು ವರ್ಷ ಉತ್ತರದ ಜೈಲೊಂದರಲ್ಲಿದ್ದು, ನಲವತ್ತೊಂದನೆಯ ವಯಸ್ಸಿಗೆ ಅಪ್ಪನ ಮುಖ ಹೊತ್ತುಕೊಂಡು ಬಂದಿದ್ದ. ಬಿಸಿಲು ಸರಿದ ಹಾಗೆ ಕುರ್ಚಿಯನ್ನೂ ಸರಿಸಿಕೊಳ್ಳುತ್ತಿರಲಿಲ್ಲ. ನೆರಳು ತನ್ನ ಮೇಲೆ ಬಂದರೆ ಬರಲಿ, ಹೋದರೆ ಹೋಗಲಿ ಎನ್ನುವಂತೆ ಕೂತಿರುತ್ತಿದ್ದ.

“ಟೀವಿ ಹಾಕದೇ ಇದ್ರೆ ಆಯ್ತಲ್ಲ,” ಎಂದಳು ಹೆಂಡತಿ ತಂದಾರ್, ಒಣಸೀಗಡಿ ಕುಟ್ಟುತ್ತ. “ಅವನೇನು ಹಾಕು ಅಂತ ಕೇಳಿದ್ನಾ? ಬಂದಾಗಿನಿಂದ ಒಂದು ಲೋಟ ನೀರೂ ಬಾಯಿಬಿಟ್ಟು ಕೇಳಿಲ್ಲ.”

“ಹಾಕದೇ ಇದ್ರೆ ಯಾಕೆ ಹಾಕಿಲ್ಲ ಅಂತ ಅವನಿಗೆ ಗೊತ್ತಾಗುತ್ತೆ.”

“ಹಾಕಿದ್ರೆ?”

ಅವನು ಸ್ವಿಚ್ಚು ಆರಿಸಿದ. ತಂದಾರ್ ಒನಕೆಯ ತುದಿಗೆ ಅಂಟಿದ್ದನ್ನು ಬೆರಳಲ್ಲಿ ತೆಗೆಯುತ್ತ, “ನೀವು ಹೆದರೋದು ಅವನು ಸಿಟ್ಟಾಗ್ತಾನೆ ಅಂತಲ್ಲ. ಸಿಟ್ಟಾಗ್ದೇ ಇದ್ರೆ ಏನ್ ಗತಿ ಅಂತ,” ಎಂದಳು. ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಂಗಸಿನ ಎದುರು ನಟನೆ ನಡೆಯುವುದಿಲ್ಲವೆಂದು ಗೊತ್ತಿದ್ದ ಜಾರ್ನಿ ಸೊಂಟದ ಲೋಂಜಿಯ ಗಂಟು ಬಿಗಿಮಾಡಿಕೊಂಡು, ಚುಟ್ಟಾ ತರುತ್ತೇನೆಂದು ಹೇಳಿ ಹೊರಟ.

ಚುಟ್ಟಾ ಅವನ ಜೇಬಿನಲ್ಲೇ ಇತ್ತು. ಅವನು ಹೋದದ್ದು ಬಡಾವಣೆಯ ಲೈನ್‌ಮನ್ ವಿನ್‌ಬೋನನ್ನು ಹುಡುಕಿಕೊಂಡು. ವಿನ್‌ಬೋ ಚಹಾದಂಗಡಿಯ ಪುಟ್ಟ ಸ್ಟೂಲಿನ ಮೇಲೆ ಮಂಡಿ ಎದೆಗೆ ತಾಗುವ ಹಾಗೆ ಕೂತು ಮೊಹಿಂಗಾ, ಮೀನುಸಾರಿನ ನೂಡಲ್ಲು, ಸುರಿದುಕೊಳ್ಳುತ್ತಿದ್ದ. ಎಲ್ಲರೂ ಎದ್ದು ಜಾಗ ಬಿಟ್ಟರು. ಯಾರೋ ಸ್ಟೂಲನ್ನು ತೋಳಿನಿಂದ ಒರೆಸಿದರು. ಈ ಗೌರವ ಅವನಿಗೆ ಎಂದೂ ಹಳತಾಗಿರಲಿಲ್ಲ, ಇವತ್ತು ಮಾತ್ರ ಬೆನ್ನ ಮೇಲೆ ನೊಣ ಕೂತ ಹಾಗಿತ್ತು. ವಿನ್‌ಬೋನ ಕಿವಿಯ ಹತ್ತಿರ ಬಾಗಿ, ಒಂದೂವರೆಯಿಂದ ನಾಲ್ಕರ ತನಕ ನಮ್ಮ ಬೀದಿಯ ಲೈನು ತೆಗೆಯಲಾಗುತ್ತದೆಯೇ ಎಂದು ಕೇಳಿದ.

ವಿನ್‌ಬೋ ನೂಡಲ್ಲನ್ನು ಬಾಯಿಂದ ಅರ್ಧ ಹೊರಗೆ ಬಿಟ್ಟುಕೊಂಡು ಅವನ ಮುಖ ನೋಡಿದ. “ಬೇರೆ ಯಾವ ದಿನ ಬೇಕಾದ್ರೂ ಕೇಳಿ ಸಯಾ, ವಾರಗಟ್ಟಲೆ ತೆಗೀತೀನಿ. ಇವತ್ತು ತೆಗೆದ್ರೆ ನನ್ನ ಕೆಲಸಾನೇ ತೆಗೀತಾರೆ. ಮೇಲಿಂದ ಆರ್ಡರ್ ಬಂದಿದೆ, ಕಂಬ ಮುರಿದು ಬಿದ್ರೂ ಕರೆಂಟ್ ಹೋಗ್ಬಾರ್ದು ಅಂತ.” ಆಮೇಲೆ ಅವನಿಗೆ ಹೊಳೆಯಿತು. “ಅಲ್ಲ ಸಯಾ, ಇವತ್ತು ನಿಮ್ಮದೇ ಸಿನಿಮಾ ಇದೆಯಲ್ಲ. ನಮ್ಮಮ್ಮ ಬೆಳಗ್ಗೆನೇ ತಲೆಗೆ ನೀರು ಹಾಕ್ಕೊಂಡು ಕಾಯ್ತಾ ಕೂತಿದಾಳೆ.”

“ನಂದೇ ಮುಖ ನೋಡೋಕೆ ನಾಚಿಕೆ ಕಣಯ್ಯಾ,” ಎಂದು ಜಾರ್ನಿ ನಕ್ಕ. ಅಂಗಡಿಯವರೆಲ್ಲ ನಕ್ಕರು. ದೊಡ್ಡವರ ವಿನಯ ಇದು ಎಂದು ಯಾರೋ ಮೆಚ್ಚಿಕೊಂಡರು. ಚಹಾ ಬಂತು. ಬೇಡವೆನ್ನಲಾಗದೆ ಕುಡಿದ.

ನಡೆದು ಬರುತ್ತಿರುವಾಗ ನೆನಪಾದದ್ದೂ ಒಂದು ಲೋಟ ಚಹಾವೇ. ನ್ಯಾನ್ ಒಳಗೆ ಹೋಗಿ ಎರಡು ವರ್ಷವಾಗಿತ್ತು. ಅವನನ್ನು ಜೈಲಿಗೆ ಹಾಕಿಸಿದ, ಸರ್ಕಾರದ ವಿರುದ್ಧದ ಆ ಮೆರವಣಿಗೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಲಾರಿಯ ಮೇಲೆ ನಿಂತು ಕೈ ಬೀಸಿದ ತಪ್ಪಿಗೆ ಜಾರ್ನಿಗೂ ಎರಡು ವರ್ಷ ಯಾರೂ ಬಣ್ಣ ಹಚ್ಚಿರಲಿಲ್ಲ. ಆಗ ಚಹಾಕ್ಕೆಂದು ಕಚೇರಿಗೆ ಕರೆಸಿದ ಅಧಿಕಾರಿ ಸಭ್ಯ ಮನುಷ್ಯ. ಬಿಸ್ಕತ್ತಿನ ತಟ್ಟೆಯನ್ನು ತಾನೇ ಇತ್ತ ಸರಿಸಿ, ಇಂಥದೊಂದು ಕಥೆಯಿದೆ, ದಾರಿ ತಪ್ಪಿದ ವಿದ್ಯಾರ್ಥಿ, ಕೊನೆಗೆ ತಾಯಿಯ ಕಾಲಿಗೆ ಬಿದ್ದು ಪಶ್ಚಾತ್ತಾಪ ಪಡುತ್ತಾನೆ, ನಿಮ್ಮನ್ನು ಬಿಟ್ಟರೆ ಯಾರೂ ಮಾಡಲಾರರು ಎಂದ. ಎದ್ದು ಬರುವಾಗ, ನಿಮ್ಮ ತಮ್ಮ ಆರೋಗ್ಯವಾಗಿದ್ದಾನೆ ಎಂದೂ ಸೇರಿಸಿದ. ತಮ್ಮನಿಗಾಗಿ ಒಪ್ಪಿಕೊಂಡೆ ಎಂದು ಜಾರ್ನಿ ಅಮ್ಮನಿಗೆ ಹೇಳಿದ, ತಂದಾರ್‌ಗೆ ಹೇಳಿದ, ಬುದ್ಧನ ಪೀಠದ ಮುಂದೆ ಕೂತು ಬುದ್ಧನಿಗೂ ಹೇಳಿದ. ಅದು ಸುಳ್ಳೂ ಆಗಿರಲಿಲ್ಲ. ಆದರೆ ಚಿತ್ರೀಕರಣದ ಮೂರನೆಯ ದಿನ ಆದದ್ದನ್ನು ಅವನು ಯಾರಿಗೂ ಹೇಳಿರಲಿಲ್ಲ. ಆ ವಿದ್ಯಾರ್ಥಿ ಮನೆ ಬಿಟ್ಟು ಹೋಗುವ ದೃಶ್ಯ. ಎಷ್ಟು ಸಲ ತೆಗೆದರೂ ಸರಿಹೋಗಲಿಲ್ಲ. ಮೂವತ್ತೇಳರ ಮೈ ಇಪ್ಪತ್ತೈದರ ಹಾಗೆ ನಡೆಯಲು ಒಪ್ಪುತ್ತಿರಲಿಲ್ಲ. ಏಳನೆಯ ಸಲವೋ ಎಂಟನೆಯ ಸಲವೋ, ತನಗೇ ತಿಳಿಯದೆ ಅವನ ಎಡಭುಜ ಮುಂದಾಯಿತು, ಬಲಪಾದ ಹೊರಕ್ಕೆ ತಿರುಗಿ ಚಪ್ಪಲಿ ನೆಲಕ್ಕೆ ಪಟ್ಟೆಂದು ಬಡಿಯಿತು, ಎಡಗೈ ಲೋಂಜಿಯನ್ನು ಚೂರು ಎತ್ತಿ ಹಿಡಿಯಿತು, ಗೇಟಿನ ಹತ್ತಿರ ಹೋದವನು ನಿಲ್ಲದೆ ಕತ್ತು ಮಾತ್ರ ಹಿಂದಕ್ಕೆ ಹೊರಳಿಸಿದ. ಅದು ನ್ಯಾನ್. ಬಾತುಕೋಳಿ ಎಂದು ಅಮ್ಮ ಆಡಿಕೊಳ್ಳುತ್ತಿದ್ದ, ತಮ್ಮನ ನಡಿಗೆ. ನಿರ್ದೇಶಕ ಕಟ್ ಎನ್ನುವುದನ್ನು ಮರೆತ. ಬಣ್ಣದವನು ಕಣ್ಣೊರೆಸಿಕೊಂಡ. ಜಾರ್ನಿಗೆ ಆ ಕ್ಷಣದಲ್ಲಿ ಆದದ್ದು ದುಃಖವಲ್ಲ. ಸಂತೋಷ. ಬದುಕಿನಲ್ಲಿ ಅಷ್ಟು ಸಂತೋಷ ಅದಕ್ಕೆ ಮುಂಚೆಯೂ ಆಗಿರಲಿಲ್ಲ, ಆಮೇಲೂ ಆಗಲಿಲ್ಲ. ಎಲ್ಲೋ ಒಂದು ಕತ್ತಲ ಕೋಣೆಯಲ್ಲಿ ತಮ್ಮ ಕೂತಿರುವಾಗ ಅವನ ಕಾಲುಗಳನ್ನು ತಾನು ಹಾಕಿಕೊಂಡು ಬಿಸಿಲಲ್ಲಿ ಓಡಾಡಿದ್ದ, ಮತ್ತು ಕುಣಿದಾಡುವಷ್ಟು ಹಿಗ್ಗಿದ್ದ. ಎರಡನೆಯ ಪ್ರಶಸ್ತಿ ಬಂದದ್ದು ಅದಕ್ಕೆ. ಇದು ನಟನೆಯಲ್ಲ, ನಿಜ ಎಂದು ಪತ್ರಿಕೆಗಳು ಬರೆದವು. ಆ ಮೇಲೆ ಅವನು ತಮ್ಮನನ್ನು ನೋಡಲು ಒಂದು ಸಲವೂ ಜೈಲಿಗೆ ಹೋಗಲಿಲ್ಲ. ಸಾಯುವ ತನಕ ಅಮ್ಮ ಹೋಗುತ್ತಿದ್ದಳು, ಎರಡು ದಿನದ ರೈಲು, ಮಡಿಲಲ್ಲಿ ಸೀಗಡಿ ಚಟ್ನಿಪುಡಿಯ ಡಬ್ಬಿ. ಅವನು ನಿಲ್ದಾಣದ ತನಕ ಬಂದು, ಶೂಟಿಂಗ್ ಇದೆಯಮ್ಮ ಎನ್ನುತ್ತಿದ್ದ. ಅವಳು, “ಇರಲಿ ಬಿಡು,” ಎನ್ನುತ್ತಿದ್ದಳು. ಆ ಚಿತ್ರದ ಬಗ್ಗೆ ಅವಳು ಒಳ್ಳೆಯದು ಕೆಟ್ಟದು ಒಂದು ಮಾತೂ ಆಡಿದವಳಲ್ಲ. ಆದರೆ ಟೀವಿಯಲ್ಲಿ ಅದು ಬಂದ ದಿನವೆಲ್ಲ ಕೆನ್ನೆಗೆ ತನಖಾ ಮರದ ತೊಗಟೆ ತೇಯ್ದು ಹಚ್ಚಿ, ತುರುಬಿಗೆ ಹೂ ಸಿಕ್ಕಿಸಿ, ಎದುರುಮನೆಯ ಡೋ ಪು ಮುದುಕಿಯ ಮನೆಗೆ ಹೋಗಿ ಕೂರುತ್ತಿದ್ದಳು. ಮನೆಯಲ್ಲಿ ಜಾರ್ನಿ ಟೀವಿ ಹಾಕಲು ಬಿಡುತ್ತಿರಲಿಲ್ಲವಲ್ಲ. ಮಗನ ಚಿತ್ರವನ್ನು ನಾಲ್ಕು ಜನರ ನಡುವೆ ಕೂತು ನೋಡುವ ಹೆಮ್ಮೆ ಎಂದು ಅವನು ತಿಳಿದಿದ್ದ. ಇಷ್ಟು ವರ್ಷ ಅವನು ತಲೆ ಎತ್ತಿಕೊಂಡು ಓಡಾಡಿದ್ದೇ ಆ ಹೂವಿನ ಬಲದಿಂದ. ತಾಯಿಯೇ ಕ್ಷಮಿಸಿದ ಮೇಲೆ ಇನ್ನು ಯಾರು ಕೇಳುವವರು?

ಮನೆಗೆ ಬಂದಾಗ ಒಂದೂವರೆಯಾಗಲು ಎರಡು ನಿಮಿಷವಿತ್ತು. ಅವನು ನೇರ ಮೆಟ್ಟಿಲ ಕೆಳಗಿನ ಮೀಟರ್ ಡಬ್ಬಿಯ ಹತ್ತಿರ ಹೋಗಿ, ಸ್ಟೂಲು ಹತ್ತಿ, ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಅಡುಗೆಮನೆಯ ಫ್ಯಾನು ನಿಧಾನವಾಗಿ ನಿಂತಿತು. ಸೌಟು ಹಿಡಿದು ಬಾಗಿಲಿಗೆ ಬಂದ ತಂದಾರ್ ಸ್ಟೂಲಿನ ಮೇಲಿದ್ದ ಗಂಡನನ್ನು ನೋಡಿ ಒಳಗೆ ಹೋದಳು. ಅಷ್ಟು ಎತ್ತರದಲ್ಲಿ ನಿಂತಾಗಲೇ ಅವನಿಗೆ ಕೇಳಿಸಿದ್ದು. ಮೊದಲು ಎಡಮನೆಯಿಂದ, ಆಮೇಲೆ ಎದುರಿನಿಂದ, ಆಮೇಲೆ ಬೀದಿಯುದ್ದಕ್ಕೂ ತೆರೆದ ಕಿಟಕಿಗಳಿಂದ ಚಿತ್ರದ ಮೊದಲ ಸಂಗೀತ, ಅದರ ಹಿಂದೆಯೇ ಅವನ ದನಿ. ಮೂವತ್ತೇಳರ ಎಳೆಯ ದನಿ ಮನೆಮನೆಯಿಂದಲೂ ಹೊರಟು, ಒಂದಕ್ಕಿಂತ ಇನ್ನೊಂದು ಅರೆಕ್ಷಣ ಹಿಂದಾಗಿ, ಅಮ್ಮಾ, ಅಮ್ಮಾ, ಅಮ್ಮಾ ಎನ್ನುತ್ತಿತ್ತು. ಫ್ಯೂಸನ್ನು ಜೇಬಿನಲ್ಲಿ ಹಿಡಿದುಕೊಂಡೇ ಅವನು ಅಂಗಳಕ್ಕೆ ಓಡಿದ. ಬೆತ್ತದ ಕುರ್ಚಿ ಖಾಲಿಯಾಗಿತ್ತು.

ನ್ಯಾನ್ ಬೀದಿ ದಾಟುತ್ತಿದ್ದ. ಒಂದು ಗೇಣು ಹೆಜ್ಜೆ, ಅದರ ಪಕ್ಕಕ್ಕೆ ಇನ್ನೊಂದು ಗೇಣು ಹೆಜ್ಜೆ, ಕಾಲುಗಳ ನಡುವೆ ಇನ್ನೂ ಕಬ್ಬಿಣದ ಸಲಾಕಿ ಇದೆಯೇನೋ ಎನ್ನುವ ಹಾಗೆ. ಗೋಣಿಚೀಲದ ಓಟದಲ್ಲಿ ಬಿದ್ದು ಎದ್ದ ಹುಡುಗಿಯೊಬ್ಬಳು ಇವನೂ ಆಟದವನೆಂದು ತಿಳಿದು ನಕ್ಕಳು. ಡೋ ಪುವಿನ ಹೊಸ್ತಿಲ ಹೊರಗೆ ಚಪ್ಪಲಿಗಳ ರಾಶಿಯ ಪಕ್ಕ ಅವನು ಕೈ ಕಟ್ಟಿ ನಿಂತ.

“ಅಯ್ಯೋ, ನ್ಯಾನ್ ಅಲ್ವೇನೋ, ಯಾಕೋ ಹೊರಗೆ ನಿಂತೆ, ಬಾರೋ ಒಳಗೆ,” ಎಂದು ಎಪ್ಪತ್ತು ದಾಟಿದ ಡೋ ಪು ಮಂಡಿ ಹಿಡಿದುಕೊಂಡು ಎದ್ದಳು. ಹಿಂದೆಯೇ ಬಂದ ಜಾರ್ನಿಯನ್ನು ಕಂಡು ಮನೆ ತುಂಬ ಗದ್ದಲವಾಯಿತು. ಹೀರೋನೇ ಬಂದ, ಇಷ್ಟು ವರ್ಷದಲ್ಲಿ ಒಂದು ಸಲ ಬಂದಿರಲಿಲ್ಲ, ತಮ್ಮ ಬಂದ ಸಂತೋಷಕ್ಕೆ ಬಂದ ನೋಡು ಎಂದು ಒಬ್ಬೊಬ್ಬರೂ ಒಂದೊಂದು ಮಾತು. ನೆಲದ ಮೇಲೆ ಕೂತವರು ಒತ್ತಿಕೊಂಡು ದಾರಿ ಬಿಟ್ಟರು. ಇದ್ದ ಎರಡು ಕುರ್ಚಿಗಳನ್ನು ಟೀವಿಯ ನೇರ ಮುಂದೆ ಹಾಕಿ ಅಣ್ಣತಮ್ಮಂದಿರನ್ನು ಕೂರಿಸಿದರು. ಅವರ ನಡುವೆ ಲಫೆಟ್ ತಟ್ಟೆ ಬಂತು, ಎಣ್ಣೆಯಲ್ಲಿ ಮಿಂಚುವ ಚಹಾಸೊಪ್ಪು, ಹುರಿದ ಬೆಳ್ಳುಳ್ಳಿ, ಎಳ್ಳು. “ನಿನ್ನ ಕುರ್ಚಿ ನಿಮ್ಮಮ್ಮಂದು,” ಎಂದಳು ಡೋ ಪು ನ್ಯಾನ್‌ಗೆ. ನ್ಯಾನ್ ಅದರ ಕೈಗಳನ್ನು ಒಮ್ಮೆ ನೋಡಿದ.

ಜಾರ್ನಿ ಟೀವಿ ನೋಡಲಿಲ್ಲ. ತಮ್ಮನ ಪಾದಗಳನ್ನು ನೋಡುತ್ತಿದ್ದ. ಕಣಕಾಲಿನ ಸುತ್ತ ಚರ್ಮ ಕಪ್ಪಗೆ, ಬೆಂದ ಬದನೆಯ ಸಿಪ್ಪೆಯ ಹಾಗೆ ಮಿನುಗುತ್ತಿತ್ತು. ಈಗ ಎದ್ದು ಬಿಡೋಣ, ಹೊಟ್ಟೆನೋವು ಎಂದು ಹೇಳೋಣ, ಕುರ್ಚಿಯಿಂದ ಬೀಳೋಣ, ಎಷ್ಟು ಚಿತ್ರಗಳಲ್ಲಿ ಎದೆ ಹಿಡಿದುಕೊಂಡು ಬಿದ್ದಿಲ್ಲ ತಾನು. ಹೀಗೇ ಅರ್ಧ ಗಂಟೆಯ ಮೇಲಾಗಿತ್ತು, ಅಷ್ಟರಲ್ಲಿ ತಮ್ಮ ಅವನ ಕಡೆ ಬಾಗಿ, “ಈಗ ಬಾಗಿಲು ತೆಗೀತಾನೆ,” ಎಂದ ಮೆಲ್ಲಗೆ. “ಅಮ್ಮ ಛತ್ರಿ ಕೊಡ್ತಾಳೆ. ತಗೊಳ್ಳಲ್ಲ.”

ಟೀವಿಯಲ್ಲಿ ಬಾಗಿಲು ತೆರೆಯಿತು. ತಾಯಿಯ ಪಾತ್ರದವಳು ಛತ್ರಿ ಚಾಚಿದಳು. ವಿದ್ಯಾರ್ಥಿ ತೆಗೆದುಕೊಳ್ಳಲಿಲ್ಲ.

“ನೋಡಿದೀಯಾ ಇದನ್ನ?” ಎಂದ ಜಾರ್ನಿ.

“ಇಲ್ಲ ಕೋಕೋ. ಇವತ್ತೇ.” ಅಣ್ಣನನ್ನು ಅವನು ಚಿಕ್ಕಂದಿನಿಂದ ಕರೆಯುತ್ತಿದ್ದದ್ದು ಹಾಗೆ. ಮತ್ತೆ ಟೀವಿಯ ಕಡೆ ತಿರುಗಿದ, ಈಗ ತುಟಿಗಳು ಸದ್ದಿಲ್ಲದೆ ಅಲ್ಲಾಡತೊಡಗಿದವು. ಒಂದು, ಎರಡು, ಮೂರು. ತೆರೆಯ ಮೇಲೆ ಎಡಭುಜ ಮುಂದೆ ಮಾಡಿಕೊಂಡು, ಚಪ್ಪಲಿ ಪಟಪಟ ಬಡಿಯುತ್ತ, ಇಪ್ಪತ್ತೈದರ ಹುಡುಗನೊಬ್ಬ ಬಿಸಿಲ ಬೀದಿಯಲ್ಲಿ ಹೋಗುತ್ತಿದ್ದ. ಇಪ್ಪತ್ತೆರಡು ಎನ್ನುವಾಗ ಹುಡುಗ ನಿಲ್ಲದೆ ಕತ್ತು ಹಿಂದಕ್ಕೆ ಹೊರಳಿಸಿ ನೋಡಿದ. ನೆಲದ ಮೇಲೆ ಕೂತಿದ್ದ ಹೆಂಗಸರು ಮೂಗು ಎಳೆದುಕೊಂಡರು. ನ್ಯಾನ್‌ನ ಮುಖದಲ್ಲಿ ಏನೂ ಇರಲಿಲ್ಲ, ಬರೀ ಗಮನ. ಸಂತೆಯಲ್ಲಿ ಯಾರದೋ ಮುಖ ಗುರುತು ಹಿಡಿಯಲು ನೋಡುವವನ ಗಮನ. “ಹೀಗಿತ್ತಾ?” ಎಂದ.

“ಇಷ್ಟೇ ನೋಡು ನಿಮ್ಮಮ್ಮ ನೋಡ್ತಿದ್ದದ್ದು,” ಎಂದಳು ಡೋ ಪು ಹಿಂದಿನಿಂದ, ಕೆನ್ನೆಯಲ್ಲಿ ಚಹಾಸೊಪ್ಪು ಇಟ್ಟುಕೊಂಡು. “ಇದು ಬರೋ ತನಕ ಕೂತು, ಇದು ಮುಗೀತಿದ್ದ ಹಾಗೆ ಎದ್ದುಬಿಡೋಳು. ನಾನು ಹೇಳ್ತಿದ್ದೆ, ಅಲ್ಲ ಕಣೇ, ನಿನ್ನ ಮಗನ ನಟನೆ ಶುರುವಾಗೋದೇ ಇನ್ಮೇಲೆ, ಕೊನೇಲಿ ಕಾಲಿಗೆ ಬಿದ್ದು ಅಳ್ತಾನಲ್ಲ, ಕಲ್ಲೂ ಕರಗುತ್ತೆ, ಕೂತ್ಕೋ ಅಂತ. ಒಲೆ ಮೇಲೆ ಅನ್ನ ಇದೆ ಅನ್ನೋಳು. ಎಂಟು ವರ್ಷ ನೋಡಿದ್ಲು, ಒಂದು ವರ್ಷನೂ ಮುಕ್ಕಾಲು ಗಂಟೆ ಮೇಲೆ ಕೂತವಳಲ್ಲ. ಅದೇನು ಅನ್ನವೋ.”

ಎಲ್ಲರೂ ನಕ್ಕರು. ಜಾರ್ನಿಯೂ ನಕ್ಕ, ಅವನ ಮುಖಕ್ಕೆ ಆ ಕೆಲಸ ಗೊತ್ತಿತ್ತು. ಒಳಗೆ ಯಾರೋ ಒಂದೊಂದಾಗಿ ಸಾಮಾನು ಹೊರಗೆ ಸಾಗಿಸುತ್ತಿರುವ ಹಾಗಿತ್ತು. ತನಖಾ, ಹೂವು, ಎದುರುಮನೆಯ ಹೆಮ್ಮೆ. ಎಂಟು ವರ್ಷ ಅವಳು ನೋಡಲು ಬಂದದ್ದು ಜಾರ್ನಿಯನ್ನಲ್ಲ. ಅವನು ತನ್ನದೆಂದುಕೊಂಡಿದ್ದ ಕ್ಷಮೆಯನ್ನು ಅವಳು ಕೊಟ್ಟೇ ಇರಲಿಲ್ಲ. ಬಹುಶಃ ಅದನ್ನು ಕೊಡುವುದೋ ಬಿಡುವುದೋ ಎಂಬ ಯೋಚನೆಯೂ ಅವಳಿಗೆ ಬಂದಿರಲಿಲ್ಲ. ದೂರದ ಮಗನನ್ನು ಇಪ್ಪತ್ತೆರಡು ಹೆಜ್ಜೆ ನೋಡಿ, ಹತ್ತಿರದ ಮಗನಿಗೆ ಅನ್ನ ಬಸಿಯಲು ಬಂದುಬಿಡುತ್ತಿದ್ದಳು.

ಚಿತ್ರ ಕೊನೆಗೆ ಬರುವ ಹೊತ್ತಿಗೆ ನ್ಯಾನ್ ಎದ್ದು ನಿಂತು ಡೋ ಪುವಿನ ಕಡೆ ತಿರುಗಿ, “ನಾನು ಹೋಗಬಹುದಾ?” ಎಂದು ಕೇಳಿದ. ಮುದುಕಿಗೆ ಅರ್ಥವಾಗಲಿಲ್ಲ. “ಇದೇನೋ ಹೀಗೆ ಕೇಳ್ತೀಯಾ, ನಿನ್ನದೇ ಮನೆ ಕಣೋ,” ಎಂದಳು. ಅವನು ಉತ್ತರ ಬಂತೋ ಇಲ್ಲವೋ ಎಂಬಂತೆ ನಿಂತೇ ಇದ್ದ. “ಹೋಗಪ್ಪ, ಹೋಗು,” ಎಂದ ಮೇಲೆ ಹೊರಟ.

ಬೀದಿಯಲ್ಲಿ ಜಾರ್ನಿ ತನ್ನ ಹೆಜ್ಜೆಯನ್ನು ಚಿಕ್ಕದು ಮಾಡಿಕೊಂಡು ತಮ್ಮನ ಜೊತೆ ನಡೆದ. ನೋಡಿದವರಿಗೆ ಇದೂ ಅಣಕದ ಹಾಗೆ ಕಂಡೀತು ಎನ್ನಿಸಿ ಒಂದು ಹೆಜ್ಜೆ ಹಿಂದುಳಿದ.

“ಅಮ್ಮ ನಿಂಗೆ ಹೇಳಿದ್ಲಾ?”

“ಬಂದಾಗೆಲ್ಲ,” ಎಂದ ನ್ಯಾನ್. “ಮಧ್ಯ ಎರಡು ಜಾಲರಿ, ಅದರ ನಡುವೆ ವಾರ್ಡರ್ ಓಡಾಡ್ತಿದ್ದ. ಮನೆ ಸುದ್ದಿ, ಸಿನಿಮಾ ಸುದ್ದಿ ಬಿಟ್ಟು ಬೇರೆ ಆಡೋ ಹಾಗಿರಲಿಲ್ಲ. ನಿನ್ನ ಸಿನಿಮಾ ಅಂದ್ರೆ ಅವನೂ ನಿಂತು ಕೇಳೋನು. ‘ಹೋದ ತಿಂಗಳು ನಿನ್ನ ನೋಡಿದೆ ಮಗಾ, ಚೆನ್ನಾಗಿ ನಡೀತಿದ್ದೆ’ ಅನ್ನೋಳು ಅಮ್ಮ. ಒಂದೊಂದು ಸಲ ಎಷ್ಟು ಹೆಜ್ಜೆ ಅಂತ ಇಬ್ರಿಗೂ ಜಗಳ ಆಗೋದು.” ಅವನು ನಕ್ಕ ಹಾಗಿತ್ತು.

“ನೀನೇನು ಅಂತಿದ್ದೆ?”

“ಹೌದಮ್ಮ ಅಂತಿದ್ದೆ. ಅವಳು ಬರೋಕೆ ಮುಂಚೆನೇ ಹೋಗಿ ಕೂತಿರ್ತಿದ್ದೆ, ಅವಳು ಹೋದ ಮೇಲೇ ಏಳ್ತಿದ್ದೆ. ಎದ್ರೆ ಕಾಲಿನ ಸರಪಳಿ ಸದ್ದಾಗುತ್ತಲ್ಲ. ಕೊನೇವರೆಗೂ ಅವಳಿಗೆ ಗೊತ್ತಾಗಲಿಲ್ಲ.” ಸ್ವಲ್ಪ ದೂರ ಬಂದು ನಿಂತ, ಉಸಿರು ಕೂಡಿಕೊಳ್ಳಲು. “ಕೊನೇಲಿ ಏನಾದ್ರೂ ಕೇಳಿದ್ಲಾ ಕೋಕೋ, ಅಮ್ಮ?”

ಏನೂ ಇಲ್ಲ, ನಿದ್ದೆಯಲ್ಲೇ ಹೋದಳು ಎಂದು ಜಾರ್ನಿ ಹದಿನೆಂಟು ದಿನದ ಹಿಂದೆಯೇ ಹೇಳಿದ್ದ. ಈಗ ಹಾಗೆನ್ನಲು ಬಾಯಿ ತೆರೆದವನಿಗೆ ಮೂರು ವರ್ಷದ ಹಿಂದಿನ ಆ ಮಧ್ಯಾಹ್ನ ಎದುರಿಗೆ ಬಂದು ನಿಂತಿತು. ಚಾಪೆಯ ಮೇಲೆ ಅಮ್ಮ, ಹಕ್ಕಿಯಷ್ಟಾಗಿದ್ದಳು. ಅವನು ಪಕ್ಕದಲ್ಲಿ ಕೂತು ಕಿತ್ತಳೆಯ ನಾರು ಬಿಡಿಸುತ್ತಿದ್ದ. ಅವಳು ಕಣ್ಣು ತೆರೆದು, “ಜಾರ್ನಿ, ಒಂದ್ಸಲ ಬಾಗಿಲ ತನಕ ಹೋಗಿ ಬಾ,” ಎಂದಳು. ಯಾರೋ ಬಂದ ಭ್ರಮೆಯಾಗಿದೆ, ಪಾಪ, ನ್ಯಾನ್ ಬಂದನೆಂದುಕೊಂಡಿದ್ದಾಳೆ ಎಂದು ಅವನು ಎದ್ದು ಬಾಗಿಲಿಗೆ ಹೋಗಿ, ಹೊರಗೆ ಆಚೆ ಈಚೆ ನೋಡಿ, ಬಂದು, “ಯಾರೂ ಇಲ್ಲಮ್ಮ,” ಎಂದ. ಅವಳು ಅವನನ್ನು ನೋಡಿದಳು. “ಇನ್ನೊಂದು ಸಲ,” ಎಂದಳು. ಅವನು ಇನ್ನೊಂದು ಸಲ ಹೋದ. ಹೊಟ್ಟೆ ಬಂದ, ಸಕ್ಕರೆ ಕಾಯಿಲೆಯ, ಪಾದ ಎಳೆಯುವ ತನ್ನ ನಡಿಗೆಯಲ್ಲಿ ಹೋಗಿ, ತನ್ನ ನಡಿಗೆಯಲ್ಲೇ ಬಂದು, ಸ್ವಲ್ಪ ಬೇಸರದಲ್ಲೇ, “ಯಾರೂ ಇಲ್ಲ ಅಂದೆನಲ್ಲಮ್ಮ,” ಎಂದ. ಅಮ್ಮ ಗೋಡೆಯ ಕಡೆ ಹೊರಳಿದಳು. ಕಿತ್ತಳೆ ತಿನ್ನಲಿಲ್ಲ.

ಅವನು ಅದನ್ನು ತಮ್ಮನಿಗೆ ಹೇಳಿದ. ಅಂಗಳದ ಗೇಟಿನ ಹತ್ತಿರ ನಿಂತು, ಬಿಸಿಲಲ್ಲಿ, ಅರೆಬರೆ ವಾಕ್ಯಗಳಲ್ಲಿ. ನೂರಾರು ಚಿತ್ರಗಳಲ್ಲಿ ಹೇಗೆ ಹೇಳಬೇಕೆಂದು ತಿಳಿದಿದ್ದ ಅವನಿಗೆ ಇಲ್ಲಿ ಎಲ್ಲಿ ನಿಲ್ಲಿಸಬೇಕು, ಎಲ್ಲಿ ಉಸಿರು ತೆಗೆಯಬೇಕು ಒಂದೂ ತಿಳಿಯಲಿಲ್ಲ.

ನ್ಯಾನ್ ಕೇಳಿಸಿಕೊಂಡು, “ನಿನ್ನ ಥರಾನೇ ನಡೆದ್ಯಾ?” ಎಂದ.

“ನನ್ನ ಥರಾನೇ.”

“ಎರಡು ಸಲಾನೂ?”

“ಎರಡು ಸಲಾನೂ.”

ಬೀದಿಯ ಕೊನೆಯಲ್ಲಿ ಮಡಕೆ ಒಡೆಯಿತು. ಜನ ಕೂಗಿದರು. ಡೋ ಪುವಿನ ಮನೆಯಿಂದ, ಎಲ್ಲ ಮನೆಗಳಿಂದ, ಹುಡುಗ ತಾಯಿಯ ಕಾಲಿಗೆ ಬಿದ್ದು ಅಳುವ ಸದ್ದು ಬರತೊಡಗಿತ್ತು, ಚೆನ್ನಾಗಿ ಅಳುತ್ತಿದ್ದ. ನ್ಯಾನ್ ಅಣ್ಣನ ಮುಖವನ್ನೇ ನೋಡುತ್ತಿದ್ದವನು, “ನಿನ್ನೇ ನೋಡ್ಬೇಕು ಅಂತ ಕೇಳಿರ್ತಾಳೆ ಕೋಕೋ,” ಎಂದ. “ನನ್ನ ಅಷ್ಟು ಸಲ ನೋಡಿದ್ದಳಲ್ಲ. ಅವತ್ತು ನಿನ್ನ ನೋಡೋಣ ಅನ್ನಿಸಿರುತ್ತೆ.”

ಜಾರ್ನಿಯ ಎದೆಯಲ್ಲಿ ಏನೋ ಸಡಿಲವಾಯಿತು. ಇರಬಹುದು ಎಂದುಕೊಂಡ. ಯಾಕಿರಬಾರದು. ಕಣ್ಣು ತುಂಬಿ ಬಂದು, ತಮ್ಮನ ಕೈ ಹಿಡಿಯಲು ಕೈ ಚಾಚಿದವನು ಅಲ್ಲೇ ತಡೆದುಕೊಂಡ. ಈ ಸ್ವರವನ್ನು ಅವನು ಎಲ್ಲಿಯೋ ಕೇಳಿದ್ದ. ಮೊದಲ ದಿನ ಉಪ್ಪಿಲ್ಲದ ಸಾರನ್ನು ಚೆನ್ನಾಗಿದೆ ಅತ್ತಿಗೆ ಎಂದದ್ದು ಇದೇ ಸ್ವರದಲ್ಲಿ. ಹಾಸಿಗೆ ಸಾಕಾ, ಸಾಕು. ಚಳಿ ಆಗುತ್ತಾ, ಇಲ್ಲ. ಬಿಸಿಲಿಗೆ ಕುರ್ಚಿ ಸರಿಸಲಾ, ಬೇಡ, ಚೆನ್ನಾಗಿದೆ. ಮೃದುವಾದ, ತಗ್ಗಿದ, ಯಾರನ್ನೂ ಸಿಟ್ಟಿಗೇಳಿಸದ ಸ್ವರ. ಬೀಗದ ಕೈ ಹಿಡಿದವರ ಜೊತೆ ಹದಿನಾಲ್ಕು ವರ್ಷ ಮಾತಾಡಿ ರೂಢಿಯಾದ ಸ್ವರ. ತಮ್ಮ ಈಗಲೂ ಅವನ ಮುಖ ನೋಡುತ್ತ, ಹೇಳಿದ್ದು ಸಾಕಾಯಿತೋ, ಇನ್ನೂ ಏನಾದರೂ ಹೇಳಬೇಕೋ ಎಂದು ಕಾಯುತ್ತಿದ್ದ.

“ಹೌದು,” ಎಂದ ಜಾರ್ನಿ. “ಹಾಗೇ ಇರಬೇಕು.”

ನ್ಯಾನ್‌ನ ಹೆಗಲು ಇಳಿಯಿತು. ಜಾರ್ನಿ ಗೇಟು ತೆರೆದು ಹಿಡಿದ. ತಮ್ಮ ತಲೆ ಸ್ವಲ್ಪ ಬಗ್ಗಿಸಿ, ಅಣ್ಣನ ಕಡೆ ನೋಡದೆ, ಆ ಚಿಕ್ಕ ಹೆಜ್ಜೆಗಳಲ್ಲಿ ಒಳಗೆ ಹೋದ. ಅವನ ಹಿಂದೆ ಗೇಟು ಹಾಕುವುದೋ ಬಿಡುವುದೋ ತಿಳಿಯದೆ, ಅದರ ಸಲಾಕಿಯನ್ನು ಹಿಡಿದುಕೊಂಡು ಜಾರ್ನಿ ಬಹಳ ಹೊತ್ತು ಬೀದಿಯಲ್ಲೇ ನಿಂತಿದ್ದ.